ನೀಲಿ ಹಚ್ಚಿದರೆ ಹಸಿರೇಕೆ ಆಗುತ್ತದೆ? ಎಲೆಕ್ಟ್ರಿಕ್ ಗಿಟಾರಿನ ಮರದ ಒಡಲಿಗೆ (ಬಾಡಿ) ಬೇಕಾದ ಬಣ್ಣ ಕೂರಿಸುವ ಕೆಲಸ

ಗೋಡೆಗೆ ಬಳಿದ ಪೇಂಟು ಗೋಡೆಯ ಬಣ್ಣವನ್ನು ಮುಚ್ಚಿಹಾಕುತ್ತದೆ. ಮರ ಕಾಣುವಂತೆ ಹಚ್ಚುವ ಬಣ್ಣವಾದ ಸ್ಟೇನ್ ಹಾಗಲ್ಲ, ಮರದ ಬಣ್ಣದ ಜೊತೆ ಕೂಡಿಕೊಳ್ಳುತ್ತದೆ. ಬಾಟಲಿಯಲ್ಲಿ ಎಂಥ ಸೊಗಸಾದ ನೀಲಿ ಇದ್ದರೂ ಹಳದಿ ಛಾಯೆಯ ಮರದ ಮೇಲೆ ಅದು ಹಸಿರಿನ ಕಡೆಗೆ ವಾಲುತ್ತದೆ, ಮಹಾಗನಿಯ ಕೆಂಪಿನ ಮೇಲೆ ಕೆಸರಾಗುತ್ತದೆ. ಮೇಲೆ ಹೊಡೆಯುವ ಲ್ಯಾಕರ್ ಎಂಬ ಪಾರದರ್ಶಕ ಮೆರುಗಿನಲ್ಲೂ ಒಂದಿಷ್ಟು ಹಳದಿ ಇರುತ್ತದೆ. ಕೊನೆಗೆ ಕಣ್ಣಿಗೆ ಕಾಣುವುದು ಮರ, ಸ್ಟೇನ್, ಮೇಲ್ಪದರ ಈ ಮೂರರ ಮೊತ್ತ. ಆ ಲೆಕ್ಕವನ್ನು ಬಾಡಿಯ ಕಾಣದ ಜಾಗದಲ್ಲಿ ಮುಗಿಸಿಕೊಂಡು ಆಮೇಲೆ ಕಾಣುವ ಭಾಗ ಮುಟ್ಟಬೇಕು. ತಿರುಗಾಮುರುಗಾ ಮಾಡಿದರೆ ಉಜ್ಜಿ ತೆಗೆಯುವ ಕೆಲಸವೇ ಹೆಚ್ಚಾಗುತ್ತದೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಆ್ಯಶ್ ಮರದ ಕಿಟ್ ಬಾಡಿ, ಅಂದರೆ ಬಿಡಿಭಾಗಗಳಾಗಿ ಕೊಂಡು ನಾವೇ ಜೋಡಿಸುವ ಗಿಟಾರಿನದು. ಫೆಂಡರ್ ಕಂಪನಿಯ ಸ್ಟ್ರ್ಯಾಟೋಕಾಸ್ಟರ್ (ಸ್ಟ್ರ್ಯಾಟ್) ಗಿಟಾರಿನ ಆಕಾರ, ಕುತ್ತಿಗೆ ಸ್ಕ್ರೂ ಹಾಕಿ ಕೂರಿಸುವಂಥದ್ದು. ಬೇಕಾದ ಬಣ್ಣ ಮರದ ಎಳೆ ಎದ್ದು ಕಾಣುವ ನೀಲಿ. ಬೇರೆ ಮರ ಅಥವಾ ಬೇರೆ ಬಣ್ಣಕ್ಕೆ ದಾರಿ ಎಲ್ಲಿ ಬದಲಾಗುತ್ತದೋ ಅಲ್ಲಲ್ಲೇ ಹೇಳಿದೆ.

ಮೊದಲು ಕೈಯಲ್ಲಿರುವ ಮರ ಯಾವುದು ನೋಡಿ

ಬಾಡಿಯ ಮೇಲೆ ನಾಲ್ಕೈದು ಕಡೆ ಒಂದೊಂದು ಹನಿ ನೀರು ಬಿಡಿ. ಒಂದೆರಡು ನಿಮಿಷದಲ್ಲಿ ಹನಿ ಹರಡಿ, ಅದರ ಕೆಳಗೆ ಮರ ಕಪ್ಪಗಾದರೆ ಮರ ಬರಿದಾಗಿದೆ, ಬಣ್ಣ ಹೀರುತ್ತದೆ ಎಂದರ್ಥ. ಹನಿ ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಗೆ ನಿಂತರೆ ಅಲ್ಲಿ ಸೀಲರ್, ಅಂದರೆ ಮರದ ರಂಧ್ರ ಮುಚ್ಚುವ ಪದರ ಇದೆ. ಕಡಿಮೆ ಬೆಲೆಯ ಕಿಟ್‌ಗಳನ್ನು ಎಷ್ಟೋ ಸಲ ತೆಳು ಸೀಲರ್ ಹೊಡೆದೇ ಕಳಿಸುತ್ತಾರೆ. ಅದರ ಮೇಲೆ ಸ್ಟೇನ್ ಹಚ್ಚಿದರೆ ತೇಪೆ ತೇಪೆಯಾಗಿ ಕೂರುತ್ತದೆ. ಪೂರ್ತಿ ಉಜ್ಜಿ ತೆಗೆಯುವುದು ಬಿಟ್ಟು ಬೇರೆ ದಾರಿಯಿಲ್ಲ.

ಹಳೆಯ ಗಿಟಾರಿನ ಪೇಂಟು ಕೆರೆದು ಸ್ಟೇನ್ ಹಾಕುವ ಆಸೆಯಿದ್ದರೆ ಒಂದು ಎಚ್ಚರಿಕೆ. ಕಾರ್ಖಾನೆಯಲ್ಲಿ ಗಟ್ಟಿ ಬಣ್ಣ ಹೊಡೆದ ಬಾಡಿಗಳ ಒಳಗೆ ನಾಲ್ಕೈದು ತುಂಡು ಮರ ಅಂಟಿಸಿರಬಹುದು, ಅಲ್ಲಲ್ಲಿ ಪುಟ್ಟಿ ತುಂಬಿರಬಹುದು. ಚೆನ್ನಾಗಿ ಕಾಣುವ ಮರವಾಗಿದ್ದರೆ ಅದನ್ನು ಮುಚ್ಚುತ್ತಿರಲಿಲ್ಲ! ಪಿಕ್‌ಗಾರ್ಡ್ (ಬಾಡಿಯ ಮುಖಕ್ಕೆ ಸ್ಕ್ರೂ ಹಾಕಿದ ಪ್ಲಾಸ್ಟಿಕ್ ಹಲಗೆ) ಬಿಚ್ಚಿ ಒಳಗಿನ ಗುಂಡಿಗಳ ಗೋಡೆ ನೋಡಿದರೆ ಎಷ್ಟು ತುಂಡು ಎಂದು ಸುಮಾರಾಗಿ ಗೊತ್ತಾಗುತ್ತದೆ. ಮುಖಕ್ಕೆ ವೆನೀರ್ (ಮರದ ತೆಳು ಹಾಳೆ) ಅಂಟಿಸಿದ್ದರೆ ಅದರ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ಅಲ್ಲಿ ಮೆಷಿನ್ ಸ್ಯಾಂಡರ್ ಮುಟ್ಟಿಸಬೇಡಿ, 220 ನಂಬರಿನ ಸ್ಯಾಂಡ್‌ಪೇಪರನ್ನು ಕೈಯಲ್ಲೇ ಹಗುರಾಗಿ ಓಡಿಸಿ ಸಾಕು.

ಮರಗಳ ಸ್ವಭಾವ ಹೀಗೆ. ಆ್ಯಶ್ ಬಿಳಿಚು ಹಳದಿ, ರಂಧ್ರಗಳು ದೊಡ್ಡವು, ಬಣ್ಣ ಚೆನ್ನಾಗಿ ಹೀರುತ್ತದೆ, ಎಳೆ ಎದ್ದು ಕಾಣುತ್ತದೆ. ಆಲ್ಡರ್ ತುಸು ಕಂದು, ಎಳೆ ಸೌಮ್ಯ. ಬಾಸ್‌ವುಡ್ ಮೆದು, ನೋಡಲು ಸಪ್ಪೆ, ಬಣ್ಣ ಹೀರುವುದು ಏರುಪೇರು. ಮೇಪಲ್ ಗಟ್ಟಿ, ಮೇಲ್ಮೈಯಲ್ಲೇ ಬಣ್ಣ ನಿಲ್ಲಿಸಿಕೊಳ್ಳುತ್ತದೆ. ಮಹಾಗನಿಗೆ ಕೆಂಪು, ಕಂದು, ಕಪ್ಪು ಹೊಂದುತ್ತವೆ. ಅದರ ಮೇಲೆ ನೀಲಿ ಬೇಕೇ ಬೇಕೆಂದರೆ ಮರವನ್ನು ಮೊದಲು ಕಾಸ್ಟಿಕ್ ಸೋಡಾ ಮತ್ತು ಕಡು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಬಿಳುಪು ಮಾಡಬೇಕಾಗುತ್ತದೆ. ಚರ್ಮ, ಕಣ್ಣು ಸುಡುವ ವಸ್ತುಗಳು ಅವು. ಮನೆಯಲ್ಲಿ ಆ ಉಸಾಬರಿ ಬೇಡ, ಬಣ್ಣವನ್ನೇ ಬದಲಿಸಿ.

ನಮ್ಮ ಕಡೆಯ ಮರದಲ್ಲಿ ಬಾಡಿ ಕಡೆಸಿದವರಿಗೂ ಎರಡು ಮಾತು. ವೀಣೆಗೆ ಬಳಸುವ ಹಲಸು ಅಚ್ಚ ಹಳದಿ. ಅದಕ್ಕೆ ಕಂದು, ಅಂಬರ್, ಹಸಿರು ಸರಿ, ನೀಲಿ ಬೇಡ. ತೇಗದಲ್ಲಿ ಎಣ್ಣೆಯಂಶ ಇದೆ. ಸ್ಟೇನ್ ಹಚ್ಚುವ ಹತ್ತು ನಿಮಿಷ ಮುಂಚೆ ಅಸಿಟೋನ್ ಅದ್ದಿದ ಬಟ್ಟೆಯಲ್ಲಿ ಒರೆಸದಿದ್ದರೆ ಬಣ್ಣವೂ ಮೇಲ್ಪದರವೂ ಸರಿಯಾಗಿ ಹಿಡಿಯುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್‌ನಲ್ಲಿ ಮಿಂಚುವ ಚುಕ್ಕೆಯಂಥ ವಿನ್ಯಾಸವಿದೆ. ತೆಳು ಡೈ (ಕರಗುವ ಬಣ್ಣ) ಹಚ್ಚಿದರೆ ಅದು ಉಳಿಯುತ್ತದೆ, ಪಿಗ್ಮೆಂಟ್ (ಕರಗದ ಬಣ್ಣದ ಪುಡಿ) ಹಚ್ಚಿದರೆ ಮಸುಕಾಗುತ್ತದೆ.

ಡೈ ಬೇಕೋ ಪಿಗ್ಮೆಂಟ್ ಬೇಕೋ

ಹಾರ್ಡ್‌ವೇರ್ ಅಂಗಡಿಯಲ್ಲಿ ‘ವುಡ್ ಸ್ಟೇನ್’ ಕೇಳಿದರೆ ಸಿಗುವುದು ಹೆಚ್ಚಾಗಿ ಬಾಗಿಲು, ಮಂಚಗಳಿಗೆ ಹಚ್ಚುವ ವಾಲ್‌ನಟ್, ಟೀಕ್, ಮಹಾಗನಿ ಛಾಯೆಗಳು. ಇವುಗಳಲ್ಲಿ ಬಹಳಷ್ಟು ಪಿಗ್ಮೆಂಟ್, ಅಂದರೆ ಕರಗದ ಬಣ್ಣದ ಪುಡಿ. ಅದು ರಂಧ್ರದಲ್ಲಿ ಮತ್ತು ಸ್ಯಾಂಡಿಂಗ್ ಗೀರುಗಳಲ್ಲಿ ಕೂತುಕೊಳ್ಳುತ್ತದೆ. ಡೈ ಪೂರ್ತಿ ಕರಗುವ ಬಣ್ಣ; ನಾರಿನೊಳಗೇ ಇಳಿಯುತ್ತದೆ, ಬೆಳಕು ಅದರ ಮೂಲಕ ಹಾದು ಮರಕ್ಕೆ ತಗುಲಿ ವಾಪಸು ಬರುತ್ತದೆ. ಗಿಟಾರಿನ ಆ ಆಳದ ಹೊಳಪು ಬರುವುದು ಹೀಗೆ. ಕೈಯಲ್ಲಿರುವುದು ಯಾವುದೆಂದು ತಿಳಿಯದಿದ್ದರೆ ಬಾಟಲಿಯನ್ನು ಒಂದು ರಾತ್ರಿ ಅಲುಗಾಡಿಸದೆ ಇಡಿ. ತಳದಲ್ಲಿ ಗಸಿ ಕೂತರೆ ಅದರಲ್ಲಿ ಪಿಗ್ಮೆಂಟ್ ಇದೆ.

ಡೈಗೆ ಒಂದು ದೌರ್ಬಲ್ಯ: ಬಿಸಿಲು. 1958ರಿಂದ 1960ರವರೆಗೆ ಗಿಬ್ಸನ್ ಕಂಪನಿ ಮಾಡಿದ ಸನ್‌ಬರ್ಸ್ಟ್ (ಅಂಚು ಕಡು, ನಡು ತಿಳಿ) ಬಣ್ಣದ ಲೆಸ್ ಪಾಲ್ ಗಿಟಾರ್‌ಗಳನ್ನು ನೋಡಿ. ಅಂಚಿನ ಚೆರ್ರಿ ಕೆಂಪು ಎಷ್ಟೋ ಗಿಟಾರ್‌ಗಳಲ್ಲಿ ಬೆಳಕಿಗೆ ಮಾಸಿ ಚಹಾದ ಬಣ್ಣಕ್ಕೆ, ಕೆಲವದರಲ್ಲಿ ಬರೀ ನಿಂಬೆ ಹಳದಿಗೆ ಬಂದಿದೆ. ಈಗ ಆ ಮಾಸಿದ ಬಣ್ಣಕ್ಕೇ ಬೆಲೆ, ಅದು ಬೇರೆ ಮಾತು. ಮಾಸಬಾರದು ಎನ್ನುವವರು ಮೆಟಲ್ ಕಾಂಪ್ಲೆಕ್ಸ್ ಡೈ ಎಂದು ಬರೆದಿರುವುದನ್ನು ಕೊಳ್ಳಿ. ಹಳೆಯ ಅನಿಲಿನ್ ಬಣ್ಣಗಳಿಗಿಂತ ಬೆಳಕನ್ನು ಹೆಚ್ಚು ತಾಳುತ್ತದೆ. ಫೌಂಟನ್ ಪೆನ್ನಿನ ಇಂಕು, ಅಡುಗೆ ಬಣ್ಣ, ಬಟ್ಟೆಗೆ ಹಾಕುವ ಬಣ್ಣ ಎಲ್ಲವೂ ಮರಕ್ಕೆ ಹತ್ತುತ್ತವೆ, ಹಚ್ಚಿದ ದಿನ ಚೆನ್ನಾಗಿಯೂ ಕಾಣುತ್ತವೆ. ಆದರೆ ಇಂಕು ಮತ್ತು ಅಡುಗೆ ಬಣ್ಣ ಕಿಟಕಿ ಪಕ್ಕದ ಗೋಡೆಗೆ ನೇತುಹಾಕಿದ ಗಿಟಾರಿನಲ್ಲಿ ಬೇಗ ಬಿಳಿಚಿಕೊಳ್ಳುತ್ತವೆ. ಹೋಳಿಯ ಪುಡಿಯಂತೂ ಬೇಡವೇ ಬೇಡ.

ನೀರಿನಲ್ಲಿ ಕರಗಿಸಬೇಕೋ ಸ್ಪಿರಿಟ್‌ನಲ್ಲೋ? ಮೊದಲ ಸಲದವರಿಗೆ ನೀರು. ಸ್ಪಿರಿಟ್ ಅರ್ಧ ನಿಮಿಷದಲ್ಲೇ ಆರುತ್ತದೆ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಇನ್ನೂ ಬೇಗ. ಒಂದು ಎಳೆತ ಆರಿದ ಮೇಲೆ ಪಕ್ಕದ ಎಳೆತ ಅದರ ಮೇಲೆ ಹತ್ತಿದರೆ ಅಲ್ಲಿ ಎರಡು ಪಟ್ಟು ಬಣ್ಣ, ಕಣ್ಣಿಗೆ ಕಾಣುವುದು ಪಟ್ಟೆ. ನೀರು ನಿಮಗೆ ಎರಡು ಮೂರು ನಿಮಿಷ ಕೊಡುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಮರದ ನಾರು ಉಬ್ಬಿ ಮೇಲ್ಮೈ ತರಿಯಾಗುವುದು. ಅದನ್ನು ಮುಂಚೆಯೇ ಪಳಗಿಸಿಕೊಳ್ಳಬಹುದು.

ಉಜ್ಜುವುದು

ಬ್ರಿಡ್ಜ್, ಪಿಕಪ್, ಸ್ಟ್ರಾಪ್ ಬಟನ್ ಎಲ್ಲ ಬಿಚ್ಚಿ. ಸುಮಾರು ಅರ್ಧ ಮೀಟರ್ ಉದ್ದದ ರೀಪರ್ ತುಂಡನ್ನು ಕುತ್ತಿಗೆ ಕೂರುವ ಗುಂಡಿಗೆ, ಇರುವ ಸ್ಕ್ರೂ ತೂತುಗಳ ಮೂಲಕವೇ ಬಿಗಿಯಿರಿ. ಹಿಡಿದುಕೊಳ್ಳಲು, ತಿರುಗಿಸಲು, ಕೊನೆಗೆ ತಂತಿ ಕಟ್ಟಿ ನೇತುಹಾಕಲು ಅದೇ ಹಿಡಿ. ಕುತ್ತಿಗೆಯ ಗುಂಡಿಯ ಒಳಗೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ. ಅಲ್ಲಿ ಲ್ಯಾಕರ್ ಪದರ ಕೂತರೆ ಕುತ್ತಿಗೆ ಬಿಗಿಯಾಗಿ ಇಳಿಯುವುದಿಲ್ಲ. ಒತ್ತಿ ಇಳಿಸಿದರೆ ಗುಂಡಿಯ ಮೂಲೆಯಲ್ಲಿ ಲ್ಯಾಕರ್ ಸೀಳು ಬಿಡುತ್ತದೆ.

120ರ ಕಾಗದದಿಂದ ಶುರು ಮಾಡಿ, 180, ಆಮೇಲೆ 220. ಯಾವಾಗಲೂ ಎಳೆಯ ಉದ್ದಕ್ಕೆ, ಚಪ್ಪಟೆ ಜಾಗಗಳಲ್ಲಿ ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿಕೊಂಡು. ಬೆರಳಲ್ಲಿ ಒತ್ತಿ ಉಜ್ಜಿದರೆ ಮೆದು ಎಳೆ ತಗ್ಗಾಗಿ ಗಟ್ಟಿ ಎಳೆ ಉಳಿಯುತ್ತದೆ, ಹೊಳಪು ಬಂದ ಮೇಲೆ ಅಲೆ ಅಲೆಯಾಗಿ ಕಾಣುತ್ತದೆ. ಒಂದು ನಂಬರನ್ನೂ ಹಾರಿಸಬೇಡಿ. 120ರ ಗೀರನ್ನು 220 ತೆಗೆಯುವುದಿಲ್ಲ, ನಯಗೊಳಿಸಿ ಬಚ್ಚಿಡುತ್ತದೆ. ನೀಲಿ ಬಿದ್ದ ಕೂಡಲೇ ಅವೆಲ್ಲ ಪೆನ್ನಿನ ಗೆರೆಯಂತೆ ಎದ್ದು ಬರುತ್ತವೆ. ಕತ್ತಲು ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಮರಕ್ಕೆ ತಾಗುವಷ್ಟು ಓರೆಯಾಗಿ ಹಿಡಿದು ನೋಡಿದರೆ ಗೀರುಗಳು ಈಗಲೇ ಸಿಕ್ಕಿಬೀಳುತ್ತವೆ.

220ಕ್ಕಿಂತ ನಯ ಬೇಕಾಗಿಲ್ಲ, ಒಂದು ಜಾಗ ಬಿಟ್ಟು. ಎಳೆ ಕುತ್ತಿಗೆಯ ದಿಕ್ಕಿಗೇ ಓಡುತ್ತದಲ್ಲ, ಹಾಗಾಗಿ ಬಾಡಿಯ ಬುಡದಲ್ಲಿ, ಎರಡು ಕೊಂಬುಗಳ ತುದಿಯಲ್ಲಿ, ಕಟ್‌ಅವೇಯ (ಕೊಂಬಿನ ಪಕ್ಕದ ಕಡಿತ) ಒಳಬಾಗಿನಲ್ಲಿ ಎಳೆ ಅಡ್ಡಕ್ಕೆ ತುಂಡಾಗಿರುತ್ತದೆ. ಅಲ್ಲಿ ನಾರಿನ ಬಾಯಿಗಳೆಲ್ಲ ತೆರೆದಿರುವ ಕಾರಣ ಬಣ್ಣವನ್ನು ಸ್ಟ್ರಾ ಹಾಕಿ ಹೀರಿದಂತೆ ಹೀರುತ್ತದೆ. ಈ ತುದಿಮುಖಗಳನ್ನು ಮಾತ್ರ 320, ಆಮೇಲೆ 400ರವರೆಗೆ ಉಜ್ಜಿ. ಬಾಯಿ ಮುಚ್ಚಿಕೊಂಡಷ್ಟೂ ಕಡಿಮೆ ಹೀರುತ್ತದೆ.

ಇನ್ನು ನಾರು ಉಬ್ಬಿಸಿ ಕತ್ತರಿಸುವುದು. ಶುದ್ಧ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಇಡೀ ಬಾಡಿ ಒರೆಸಿ, ಎರಡು ಮೂರು ಗಂಟೆ ಒಣಗಲು ಬಿಡಿ. ಕೈಯಾಡಿಸಿದರೆ ಎರಡು ದಿನ ಕ್ಷೌರ ಮಾಡದ ಗಲ್ಲದಂತಿರುತ್ತದೆ. 320ರಲ್ಲಿ ಒತ್ತದೆ, ಉಬ್ಬಿದ ನಾರಿನ ತುದಿ ಮಾತ್ರ ಕತ್ತರಿಸುವ ಹಾಗೆ ಎರಡೆರಡು ಎಳೆತ. ಇನ್ನೊಮ್ಮೆ ಒದ್ದೆ ಮಾಡಿ ಇದನ್ನೇ ಮಾಡಿ. ಎರಡನೆಯ ಸಲಕ್ಕೆ ಉಬ್ಬುವುದು ಬಹಳ ಕಡಿಮೆಯಾಗುತ್ತದೆ.

ಅಂಟು ಹುಡುಕುವುದು ಕೊನೆಯ ಪರೀಕ್ಷೆ. ಮಿನರಲ್ ಟರ್ಪಂಟೈನ್ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಫೆವಿಕಾಲ್ ಅಥವಾ ಸೂಪರ್ ಗ್ಲೂ ಇಳಿದಿರುವ ಜಾಗ ಸುತ್ತಲಿನಂತೆ ಕಪ್ಪಾಗದೆ ಬಿಳಿಚಾಗಿ ನಿಲ್ಲುತ್ತದೆ. ಅಲ್ಲಿ ಮತ್ತೆ ಉಜ್ಜಿ. ಸ್ಟೀಲ್ ವುಲ್ ಬಳಸಬೇಡಿ. ಅದರ ಚೂರು ರಂಧ್ರದಲ್ಲಿ ಉಳಿದು, ನೀರಿನ ಡೈ ತಗುಲಿದಾಗ ತುಕ್ಕು ಹಿಡಿಯುತ್ತದೆ. ಟ್ಯಾನಿನ್ ಇರುವ ಮರದಲ್ಲಿ ಕಪ್ಪು ಚುಕ್ಕೆಯಾಗುತ್ತದೆ.

ಬಣ್ಣ ಕಲಸುವ ಲೆಕ್ಕ

ಸ್ಟ್ರ್ಯಾಟ್ ಆಕಾರದ ಬಾಡಿಯ ಎರಡು ಮುಖ ಮತ್ತು ಬದಿ ಸೇರಿ ಮೇಲ್ಮೈ ಹೆಚ್ಚುಕಡಿಮೆ ಕಾಲು ಚದರ ಮೀಟರ್. ಎರಡು ಮೂರು ಕೋಟು (ಪದರ) ಹಚ್ಚಲು 150 ಮಿಲಿಲೀಟರ್ ಸಾಕು. ಪರೀಕ್ಷೆಗೂ ತಿದ್ದುವುದಕ್ಕೂ ಸೇರಿ 200 ಮಾಡಿಕೊಳ್ಳಿ. ಒಂದೇ ಸಲಕ್ಕೆ ಕಲಸಬೇಕು, ಎರಡನೆಯ ಸಲ ಕಲಸಿದ್ದು ಮೊದಲಿನಂತೆ ಬರುವುದಿಲ್ಲ.

ಪುಡಿ ಡೈ ಆದರೆ 100 ಮಿಲಿಲೀಟರ್ ನೀರಿಗೆ ಒಂದೂವರೆ ಗ್ರಾಂ ಸಾಮಾನ್ಯ ಹದ. ಅಂದರೆ 200ಕ್ಕೆ 3 ಗ್ರಾಂ. ಚಮಚದ ಅಂದಾಜು ಬೇಡ, 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಇಟ್ಟುಕೊಳ್ಳಿ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಬಣ್ಣ ಮಂಕಾಗುತ್ತದೆ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ತಂದುಬಿಡಿ. ಮೊದಲು 50 ಮಿಲಿಲೀಟರ್ ಬಿಸಿ ನೀರಿನಲ್ಲಿ ಪುಡಿ ಕರಗಿಸಿ, ಉಳಿದ ನೀರು ಸೇರಿಸಿ, ರಾತ್ರಿಯಿಡೀ ಬಿಟ್ಟು, ಹಳೆ ಪಂಚೆಯ ಬಟ್ಟೆ ನಾಲ್ಕು ಮಡಿಕೆ ಮಾಡಿ ಸೋಸಿ. ಕರಗದ ಒಂದು ಕಣ ಮರದ ಮೇಲೆ ಸಿಕ್ಕರೂ ಬಟ್ಟೆ ಎಳೆದ ದಾರಿಯುದ್ದಕ್ಕೂ ಧೂಮಕೇತುವಿನ ಬಾಲ ಬಿಡುತ್ತದೆ. ಗಾಜು ಅಥವಾ ಪ್ಲಾಸ್ಟಿಕ್ ಡಬ್ಬಿಯೇ ಇರಲಿ.

ಈಗ ಹಸಿರಿನ ಸಮಸ್ಯೆ. ಹಳದಿಗೆ ಎದುರು ಬಣ್ಣ ನೇರಳೆ. ಆ್ಯಶ್ ಹಳದಿ ಕೊಡುತ್ತದೆಂದು ಗೊತ್ತಿರುವುದರಿಂದ ನೀಲಿಯೊಳಗೆ ಅದನ್ನು ಕೊಲ್ಲುವಷ್ಟು ನೇರಳೆಯನ್ನು ಮುಂಚೆಯೇ ಬೆರೆಸಬೇಕು. ಅದೇ ಹದದಲ್ಲಿ ನೇರಳೆ ಡೈ ಸ್ವಲ್ಪ ಬೇರೆ ಕಲಸಿಟ್ಟು, ಸೂಜಿ ತೆಗೆದ ಸಿರಿಂಜ್‌ನಲ್ಲಿ 100 ಮಿಲಿಲೀಟರ್ ನೀಲಿಗೆ 2 ಮಿಲಿಲೀಟರ್‌ನಿಂದ ಶುರು ಮಾಡಿ. ನೋಡಿ, ಸಾಲದಿದ್ದರೆ ಇನ್ನೊಂದು. ನೇರಳೆ ಇಲ್ಲದಿದ್ದರೆ ಕೆಂಪೂ ನಡೆಯುತ್ತದೆ, ಆದರೆ ಕೆಂಪು ಒಂದು ಹನಿ ಹೆಚ್ಚಾದರೂ ನೀಲಿಯ ಜೀವಕಳೆ ಹೋಗಿ ಶಾಲೆಯ ಯೂನಿಫಾರ್ಮ್ ಬಣ್ಣವಾಗುತ್ತದೆ. ಇದೇ ಲೆಕ್ಕ ಉಳಿದದ್ದಕ್ಕೂ: ಕಂದು ತುಂಬ ಕೆಂಪಾಗಿದ್ದರೆ ಹಸಿರು, ತುಂಬ ಹಸಿರಾಗಿದ್ದರೆ ಕೆಂಪು, ಅದೂ ಹನಿಯ ಲೆಕ್ಕದಲ್ಲಿ.

ಪರೀಕ್ಷೆ ಬಾಡಿಯ ಮರದ ಮೇಲೇ ಆಗಬೇಕು. ಕಿಟ್‌ನ ಜೊತೆ ಚೂರು ಬರುವುದಿಲ್ಲ, ನಿಜ. ಆದರೆ ಸ್ಟ್ರ್ಯಾಟ್‌ನಲ್ಲಿ ಪಿಕ್‌ಗಾರ್ಡ್ ಕೆಳಗೆ ಅಂಗೈಯಗಲಕ್ಕಿಂತ ಹೆಚ್ಚು ಮರ ಯಾರಿಗೂ ಕಾಣದೆ ಇರುತ್ತದೆ, ಅದೇ ನಿಮ್ಮ ಸ್ಲೇಟು. ಅಲ್ಲೂ ಬಾಡಿಯ ಉಳಿದ ಭಾಗದಷ್ಟೇ ಉಜ್ಜಿರಬೇಕು, 120ರಲ್ಲೇ ಬಿಟ್ಟ ಜಾಗ ಬೇರೆಯೇ ಬಣ್ಣ ತೋರಿಸುತ್ತದೆ. ಎರಡು ಬೆರಳಗಲದ ಪಟ್ಟಿಗಳಾಗಿ ಒಂದು ಕೋಟು, ಎರಡು ಕೋಟು, ಮೂರು ಕೋಟು ಹಚ್ಚಿ, ಒಣಗಿದ ಮೇಲೆ ಪ್ರತಿ ಪಟ್ಟಿಯ ಅರ್ಧಕ್ಕೆ ನೀವು ಬಳಸಲಿರುವ ಮೇಲ್ಪದರವನ್ನೇ ಹಚ್ಚಿ. ಒಣಗಿದ ಬರೀ ಡೈ ಸೀಮೆಸುಣ್ಣ ಬಳಿದಂತೆ ಪೆಚ್ಚಾಗಿ ಕಾಣುತ್ತದೆ, ಅದನ್ನು ನೋಡಿ ಗಾಬರಿಯಾಗಿ ಇನ್ನೆರಡು ಕೋಟು ಬಳಿದವರ ಗಿಟಾರು ಕಪ್ಪಾಗುತ್ತದೆ. ಮೇಲ್ಪದರ ಬಿದ್ದ ಅರ್ಧವೇ ನಿಜವಾದ ಬಣ್ಣ. ಅದನ್ನು ಬಾಗಿಲ ಹತ್ತಿರದ ಹಗಲು ಬೆಳಕಿನಲ್ಲೂ ರಾತ್ರಿ ಟ್ಯೂಬ್‌ಲೈಟಿನಲ್ಲೂ ನೋಡಿ. ಪ್ರತಿ ಪಟ್ಟಿಯ ಪಕ್ಕ ಪೆನ್ಸಿಲ್‌ನಲ್ಲಿ ಹದ ಬರೆದಿಡಿ.

ಹಚ್ಚುವ ದಿನ

ಎರಡು ಜೊತೆ ಗ್ಲೌಸ್, ಬನಿಯನ್ ವೇಸ್ಟ್ ಅಥವಾ ಹಳೆಯ ಹತ್ತಿ ಬನಿಯನ್ ಚೂರುಗಳು ಏಳೆಂಟು, ನೆಲಕ್ಕೆ ಹಾಸಲು ಪ್ಲಾಸ್ಟಿಕ್. ಬಟ್ಟೆಯನ್ನು ಮಡಚಿ, ದೋಸೆ ಕಾವಲಿಗೆ ಎಣ್ಣೆ ಸವರುವ ಬಟ್ಟೆಯಂತೆ ಗಂಟು ಮಾಡಿಕೊಳ್ಳಿ. ಡೈನಲ್ಲಿ ಅದ್ದಿ ಡಬ್ಬಿಯ ಅಂಚಿಗೆ ಒತ್ತಿ. ಎತ್ತಿದಾಗ ಹನಿ ಬೀಳಬಾರದು, ಒತ್ತಿದಾಗ ಒದ್ದೆ ಬಿಡಬೇಕು.

ಮೊದಲು ಹಿಂಬದಿ. ಕೈ ಪಳಗುವುದು ಅಲ್ಲಿ ಆಗಲಿ. ಆಮೇಲೆ ಬದಿ, ಕೊನೆಗೆ ಮುಖ. ತುದಿಮುಖಗಳಿಗೆ ಡೈ ಮುಟ್ಟಿಸುವ ಮುಂಚೆ ಬರೀ ನೀರು ಸವರಿ. ಹೊಟ್ಟೆ ತುಂಬಿದ ನಾರು ಬಣ್ಣವನ್ನು ಅಷ್ಟಾಗಿ ಕುಡಿಯುವುದಿಲ್ಲ. ಅಲ್ಲಿಗೆ ಬಟ್ಟೆಯನ್ನೂ ಹೆಚ್ಚು ಹಿಂಡಿಕೊಳ್ಳಿ. ಮುಖದ ಮೇಲೆ ಎಳೆಯುದ್ದಕ್ಕೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನಿಲ್ಲದೆ ಎಳೆಯಿರಿ, ಪ್ರತಿ ಎಳೆತವೂ ಹಿಂದಿನದರ ಒದ್ದೆ ಅಂಚಿನ ಮೇಲೆ ಮೂರನೇ ಒಂದು ಭಾಗ ಹತ್ತಲಿ. ಎರಡು ನಿಮಿಷದೊಳಗೆ ಪೂರಾ ಮುಖ ಮುಗಿಯಬೇಕು. ಮಧ್ಯದಲ್ಲಿ ಕಾಲಿಂಗ್ ಬೆಲ್ ಆದರೂ ಬಿಟ್ಟೇಳಬೇಡಿ. ಒಣ ಜಾಗದ ಮೇಲೆ ಹನಿ ಬಿದ್ದರೆ ಆ ಕ್ಷಣವೇ ಸುತ್ತಲೂ ಒದ್ದೆ ಮಾಡಿ ಅದರೊಳಗೆ ಸೇರಿಸಿಬಿಡಿ, ಐದು ನಿಮಿಷ ಬಿಟ್ಟರೆ ಅದು ಮಚ್ಚೆ. ಪೂರ್ತಿ ಹಚ್ಚಿದ ಮೇಲೆ ಒಣ ಬಟ್ಟೆಯಿಂದ ಎಳೆಯುದ್ದಕ್ಕೆ ಒಂದೇ ಸಲ ಹಗುರವಾಗಿ ಒರೆಸಿ, ಹೆಚ್ಚುವರಿ ತೆಗೆಯಿರಿ.

ಕೋಟುಗಳ ನಡುವೆ ಕನಿಷ್ಠ ನಾಲ್ಕೈದು ಗಂಟೆ, ಮೇಲ್ಪದರಕ್ಕೆ ಮುಂಚೆ ಒಂದು ರಾತ್ರಿ ಪೂರ್ತಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಇದನ್ನು ಎರಡು ದಿನ ಮಾಡಿ. ಮೊದಲ ಕೋಟಿನ ನಂತರ ಅಲ್ಪಸ್ವಲ್ಪ ನಾರು ಎದ್ದಿದ್ದರೆ ಸವೆದ 400ರ ಚೂರಿನಲ್ಲಿ ಸವರಿದರೆ ಸಾಕು. ಅಂಚುಗಳ ಹತ್ತಿರ ಹೋಗಬೇಡಿ.

ಬಾಸ್‌ವುಡ್, ಮಾವು, ಕೆಲವು ಮೇಪಲ್‌ಗಳಲ್ಲಿ ಮೋಡ ಕವಿದಂತೆ ಮಚ್ಚೆ ಬೀಳುತ್ತದೆ. ಮರದ ಸಾಂದ್ರತೆ ಒಂದೇ ಸಮ ಇಲ್ಲದಿರುವುದೇ ಕಾರಣ. ಅಂಥ ಮರಕ್ಕೆ ಮೊದಲು ಅರಗಿನ ತೆಳು ಪದರ ಕೊಡಿ: 100 ಮಿಲಿಲೀಟರ್ ಸ್ಪಿರಿಟ್‌ಗೆ ಮೇಣ ತೆಗೆದ ಶೆಲ್ಯಾಕ್ ಚಕ್ಕೆ 6 ಗ್ರಾಂ, ರಾತ್ರಿ ನೆನೆಸಿ ಸೋಸಿದ್ದು. ಒಂದೇ ಕೋಟು, ಒಣಗಿದ ಮೇಲೆ 320ರಲ್ಲಿ ಸವರಿ, ಆಮೇಲೆ ಡೈ. ಈ ದಾರಿಯಲ್ಲಿ ನೀರಿನ ಡೈಯನ್ನೇ ಬಳಸಬೇಕು. ಸ್ಪಿರಿಟ್ ಡೈ ಆ ಅರಗನ್ನೇ ಕರಗಿಸಿ ಎಬ್ಬಿಸುತ್ತದೆ.

ಮೇಪಲ್‌ನಲ್ಲಿ ಹುಲಿಪಟ್ಟೆಯಂಥ ವಿನ್ಯಾಸವಿದ್ದರೆ ಅದನ್ನು ಎಬ್ಬಿಸುವ ತಂತ್ರ ಬೇರೆ. ಮೊದಲು ಕಪ್ಪು ಡೈ ಹಚ್ಚಿ, ಒಣಗಿದ ಮೇಲೆ 220, 320ರಲ್ಲಿ ಉಜ್ಜಿ ವಾಪಸು ತೆಗೆಯಿರಿ. ಎಳೆ ತಿರುಚಿಕೊಂಡಿರುವ ಪಟ್ಟೆಗಳಲ್ಲಿ ಕಪ್ಪು ಆಳಕ್ಕೆ ಇಳಿದಿರುತ್ತದೆ, ಉಳಿದ ಕಡೆ ಹೋಗುತ್ತದೆ. ಆಮೇಲೆ ಅದರ ಮೇಲೆ ನೀಲಿ. ವೆನೀರ್ ಆಗಿದ್ದರೆ ಕಪ್ಪನ್ನು ಅರ್ಧ ಹದಕ್ಕೆ ತೆಳುಮಾಡಿ, ಕಡಿಮೆ ಉಜ್ಜುವ ಹಾಗೆ ನೋಡಿಕೊಳ್ಳಿ.

ಅಂಚು ಕಪ್ಪಾಗಿ ನಡು ತಿಳಿಯಾಗುವ ಸನ್‌ಬರ್ಸ್ಟ್ ಬೇಕೆನ್ನುವವರಿಗೆ: 1954ರಲ್ಲಿ ಸ್ಟ್ರ್ಯಾಟೋಕಾಸ್ಟರ್ ಬಂದದ್ದೇ ಎರಡು ಬಣ್ಣದ ಸನ್‌ಬರ್ಸ್ಟ್‌ನಲ್ಲಿ, ಕೆಂಪು ಸೇರಿ ಮೂರು ಬಣ್ಣವಾದದ್ದು 1958ರಲ್ಲಿ. ಅಲ್ಲಿ ಅಂಚಿನ ಬಣ್ಣವನ್ನು ಸ್ಪ್ರೇ ಗನ್‌ನಿಂದ ಹೊಡೆಯುತ್ತಿದ್ದರು. ಕೈಯಲ್ಲಿ ಮಾಡುವುದಾದರೆ ಒಂದೇ ಡೈಯ ಮೂರು ಹದ ಮಾಡಿಕೊಳ್ಳಿ. ತೆಳುವಾದದ್ದು ಇಡೀ ಮುಖಕ್ಕೆ, ಮಧ್ಯಮ ಅಂಚಿನಿಂದ ಐದಾರು ಸೆಂಟಿಮೀಟರ್ ಒಳಗೆ, ಕಡುವಾದದ್ದು ಕೊನೆಯ ಎರಡು ಮೂರು ಸೆಂಟಿಮೀಟರ್. ಪ್ರತಿ ಗಡಿಯನ್ನೂ ಒದ್ದೆಯಿರುವಾಗಲೇ ಬರೀ ನೀರಿನ ಬಟ್ಟೆಯಲ್ಲಿ ಗುಂಡಗೆ ಉಜ್ಜಿ ಬೆರೆಸಬೇಕು. ಆ್ಯಶ್‌ನಲ್ಲಿ ಕಡು ಬಣ್ಣ ರಂಧ್ರದ ಮೂಲಕ ಎಳೆಯುದ್ದಕ್ಕೆ ಒಳಗೆ ಓಡಿಬಿಡುವುದುಂಟು. ಅದರ ಮೇಲೆ ಕೈಯಲ್ಲಿ ನಯವಾದ ಬರ್ಸ್ಟ್ ಬರುವುದು ಕಷ್ಟ, ಮೇಪಲ್ ಮೇಲೆ ಸುಲಭ.

ಬಣ್ಣವನ್ನು ಬಂಧಿಸುವುದು

ಇಷ್ಟು ದೂರ ಚೆನ್ನಾಗಿ ಬಂದವರು ಕೆಡಿಸಿಕೊಳ್ಳುವುದು ಇಲ್ಲಿ. ನೀರಿನ ಡೈ ಮೇಲೆ ನೀರಿನ ಪಿಯು (ಪಾಲಿಯುರೆಥೇನ್ ಮೆರುಗು) ಬ್ರಷ್‌ನಲ್ಲಿ ಹಚ್ಚಿದರೆ ಡೈ ಮತ್ತೆ ಕರಗಿ ಬ್ರಷ್ಷಿಗೆ ಹತ್ತಿ ಗೆರೆ ಗೆರೆಯಾಗಿ ಎಳೆಯುತ್ತದೆ. ಡೈ ಯಾವುದರಲ್ಲಿ ಕರಗಿದೆಯೋ ಅದೇ ದ್ರಾವಕದ ಮೇಲ್ಪದರವನ್ನು ಬಟ್ಟೆ ಅಥವಾ ಬ್ರಷ್‌ನಿಂದ ಮುಟ್ಟಿಸಬೇಡಿ. ನೀರಿನ ಡೈಗೆ ಥಿನ್ನರ್ ಆಧಾರದ ಸೀಲರ್, ಅಥವಾ ನಡುವೆ ಬಿಳಿ ಶೆಲ್ಯಾಕ್‌ನ ಎರಡು ತೆಳು ಕೋಟು. ಸ್ಪಿರಿಟ್ ಡೈ ಹಚ್ಚಿದ್ದರೆ ಸ್ಪ್ರೇಯೇ ವಾಸಿ.

ನೀಲಿಗೆ ಮೇಲ್ಪದರವಾಗಿ ನೀರಿನಂತೆ ತಿಳಿಯಾದ ಅಕ್ರಿಲಿಕ್ ಕ್ಲಿಯರ್ ಆರಿಸಿ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್‌ಗೆ ಹಳದಿ ಗುಣವಿದೆ, ವರ್ಷ ಕಳೆದಂತೆ ಹೆಚ್ಚುತ್ತದೆ. ಕೆಂಪು, ಕಂದು, ಅಂಬರ್‌ಗಳಿಗೆ ಅದು ಒಡವೆ, ನೀಲಿಗೆ ಮತ್ತದೇ ಹಸಿರು. ಎರಡು ಡಬ್ಬಿ ಬೆರೆಸುವ ಪಿಯು ಗಟ್ಟಿ, ನಿಜ. ಆದರೆ ಅದರ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯ. ಬಟ್ಟೆಯ ಮಾಸ್ಕ್ ಕಟ್ಟಿಕೊಂಡು ಮನೆ ತಾರಸಿಯಲ್ಲಿ ಹೊಡೆಯುವಂಥದ್ದಲ್ಲ ಅದು. ಸ್ಪ್ರೇ ಬೂತ್ ಇರುವ ಫರ್ನಿಚರ್ ಪಾಲಿಶ್‌ನವರಿಗೆ ಕೊಡಿ.

ಆ್ಯಶ್ ಕನ್ನಡಿಯಂತಾಗಬೇಕಿದ್ದರೆ ರಂಧ್ರ ತುಂಬಲೇಬೇಕು. ಕ್ರಮ ಹೀಗೆ: ಡೈ, ಒಂದು ತೆಳು ಸೀಲರ್, ಆಮೇಲೆ ಕಪ್ಪು ಅಥವಾ ಕಡುನೀಲಿ ಬೆರೆಸಿದ ಗ್ರೇನ್ ಫಿಲ್ಲರ್, ಒಂದು ದಿನ ಒಣಗಿಸಿ ಮತ್ತೆ ಸೀಲರ್. ಫಿಲ್ಲರನ್ನು ಎಳೆಗೆ ಅಡ್ಡಲಾಗಿ ಹಳೆಯ ಎಟಿಎಂ ಕಾರ್ಡಿನಲ್ಲಿ ಒತ್ತಿ ತುಂಬಿ, ಅಡ್ಡಲಾಗಿಯೇ ಒರೆಸಿ. ಉದ್ದಕ್ಕೆ ಒರೆಸಿದರೆ ತುಂಬಿದ್ದೆಲ್ಲ ಎದ್ದು ಬರುತ್ತದೆ. ಫಿಲ್ಲರ್ ಮೊದಲೇ ಹಾಕಿಬಿಟ್ಟರೆ ಅದು ಡೈ ಹಿಡಿಯದೆ ಬಿಳಿ ಚುಕ್ಕೆಯಾಗಿ ನಿಲ್ಲಬಹುದು. ಎಳೆ ಕೈಗೆ ಸಿಗುವ ಮ್ಯಾಟ್ ನೋಟ ಸಾಕೆನ್ನುವವರು ಈ ಪ್ಯಾರಾ ಪೂರ್ತಿ ಮರೆತುಬಿಡಿ.

ಸ್ಪ್ರೇ ಕ್ಯಾನನ್ನು 25ರಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಮೊದಲ ಎರಡು ಕೋಟು ಮಂಜಿನಂತೆ. ಒತ್ತುವುದೂ ಬಿಡುವುದೂ ಬಾಡಿಯ ಹೊರಗೆ ಆಗಲಿ. 400 ಮಿಲಿಲೀಟರ್‌ನ ಎರಡರಿಂದ ಮೂರು ಕ್ಯಾನ್ ಬೇಕಾಗುತ್ತದೆ. ಮೊದಲ ನಾಲ್ಕು ಕೋಟು ಬೀಳುವವರೆಗೆ ಸ್ಯಾಂಡ್‌ಪೇಪರ್ ಕೈಗೆತ್ತಿಕೊಳ್ಳಬೇಡಿ. ಹೊಡೆದ ಲ್ಯಾಕರ್ ಬಿಳಿಯ ಪೊರೆಯಂತಾದರೆ ಗಾಳಿಯ ತೇವ ಕಾರಣ: ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ತೇವ ಅಲ್ಲೇ ಸಾಂದ್ರವಾಗುತ್ತದೆ. ಮಳೆ ಬಿಟ್ಟ ದಿನ ಮಧ್ಯಾಹ್ನ ತೆಳುವಾಗಿ ಇನ್ನೊಂದು ಕೋಟು ಹೊಡೆದರೆ ಬಹುಮಟ್ಟಿಗೆ ಮಾಯವಾಗುತ್ತದೆ. ಮೀನಿನ ಕಣ್ಣಿನಂಥ ಗುಳಿ ಬಿದ್ದರೆ ಸಿಲಿಕೋನ್ ತಗುಲಿದೆ. ಕಾರ್ ಪಾಲಿಶ್ ಡಬ್ಬಿಯನ್ನು ಆ ಕೋಣೆಯಿಂದ ಹೊರಗಿಡಿ.

ತಪ್ಪಾದರೆ ತಿದ್ದುವುದು

ಬಣ್ಣ ಕಡುವಾಗಿದ್ದರೆ, ಮೇಲ್ಪದರ ಇನ್ನೂ ಬಿದ್ದಿಲ್ಲವಾದರೆ, ಒದ್ದೆ ಬಟ್ಟೆಯಿಂದ ಎಳೆಯುದ್ದಕ್ಕೆ ಒರೆಸುತ್ತ ಹೋಗಿ. ನೀರಿನ ಡೈ ಒಂದು ಛಾಯೆಯಷ್ಟು ಇಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ಹೆಚ್ಚಿನ ಡೈಗಳನ್ನು ಅಳಿಸುತ್ತದೆ, ಪಿಗ್ಮೆಂಟನ್ನು ಅಲ್ಲ. ಹಚ್ಚಿ, ಹತ್ತು ನಿಮಿಷ ಬಿಟ್ಟು, ಎರಡು ಮೂರು ಸಲ ಶುದ್ಧ ನೀರಿನಲ್ಲಿ ಒರೆಸಿ, ಎರಡು ದಿನ ಒಣಗಿಸಿ ಮತ್ತೆ ಶುರು ಮಾಡಿ. ಬ್ಲೀಚನ್ನು ಬೇರಾವ ಕ್ಲೀನರ್ ಜೊತೆಗೂ ಬೆರೆಸಬೇಡಿ.

ಕ್ಲಿಯರ್ ಉಜ್ಜುವಾಗ ಅಂಚಿನಲ್ಲಿ ಬಿಳಿ ಮರ ಇಣುಕಿದರೆ, ಅಲ್ಲೇ ನಿಲ್ಲಿಸಿ. ಮೊನಚು ಬ್ರಷ್‌ನಲ್ಲಿ ಅದೇ ಡೈಯನ್ನು ಅರ್ಧಕ್ಕೆ ತೆಳುಮಾಡಿ, ಬರೀ ಮರ ಕಾಣುವಲ್ಲಿ ಮಾತ್ರ ಎರಡು ಮೂರು ಸಲ ಮುಟ್ಟಿಸಿ, ಸುತ್ತಲಿನ ಲ್ಯಾಕರ್ ಮೇಲೆ ಬಿದ್ದದ್ದನ್ನು ಒರೆಸಿಬಿಡಿ. ಒಣಗಿದ ಮೇಲೆ ಕ್ಲಿಯರ್. 200 ಮಿಲಿಲೀಟರ್ ಕಲಸಿದ್ದರಲ್ಲಿ ಉಳಿದದ್ದು ಈಗ ಕೆಲಸಕ್ಕೆ ಬಂತು.

ಕೊನೆಯ ಹೊಳಪಿಗೆ ವಾಟರ್ ಪೇಪರ್ 800, 1000, 1500, 2000, ಆಮೇಲೆ ರಬ್ಬಿಂಗ್ ಕಾಂಪೌಂಡ್. ನೀರು ಹಾಕಿ ಉಜ್ಜುವ ಮುಂಚೆ ಪ್ರತಿ ಸ್ಕ್ರೂ ತೂತಿಗೂ ಮೇಣ ಒತ್ತಿ ಮುಚ್ಚಿ. ತೂತಿನೊಳಗೆ ನೀರು ಇಳಿದರೆ ಒಳಗಿನ ಬರೀ ಮರ ಉಬ್ಬಿ, ಸುತ್ತಲಿನ ಲ್ಯಾಕರ್ ಉಂಗುರದಂತೆ ಬಿರಿಯುತ್ತದೆ. ಆಗ ತಿದ್ದುವುದು ಕಷ್ಟ. ಇದಕ್ಕೆಲ್ಲ ಮುಂಚೆ ಲ್ಯಾಕರ್ ಪೂರ್ತಿ ಗಟ್ಟಿಯಾಗಿರಬೇಕು, ಮೂರು ನಾಲ್ಕು ವಾರ. ಮೂಗು ಹತ್ತಿರ ತಂದರೆ ಥಿನ್ನರ್ ವಾಸನೆ ಇನ್ನೂ ಬರುತ್ತಿದ್ದರೆ ಆಗಿಲ್ಲ ಎಂದರ್ಥ.

ಬಿಡಿಭಾಗ ಕೂರಿಸುವಾಗ ಸ್ಕ್ರೂ ತೂತಿನ ಬಾಯಿಯ ಲ್ಯಾಕರನ್ನು ದೊಡ್ಡ ಡ್ರಿಲ್ ಬಿಟ್‌ನಿಂದ ಕೈಯಲ್ಲೇ ಒಂದು ಸುತ್ತು ತಿರುಗಿಸಿ ತೆಗೆಯಿರಿ, ಸ್ಕ್ರೂಗೆ ಸೋಪು ಸವರಿ. ಎನ್‌ಸಿ ಲ್ಯಾಕರ್ ಹೊಡೆದಿದ್ದರೆ ಗಿಟಾರನ್ನು ರಬ್ಬರ್ ತೋಳಿನ ಸ್ಟ್ಯಾಂಡಿಗೆ ಒರಗಿಸಬೇಡಿ. ರಬ್ಬರ್ ತಗುಲಿದ ಕಡೆ ಲ್ಯಾಕರ್ ಮೆತ್ತಗಾಗಿ ಅಚ್ಚು ಬೀಳುತ್ತದೆ, ಹಾಗಾಗಿ ತೋಳಿಗೆ ಹತ್ತಿ ಬಟ್ಟೆ ಸುತ್ತಿ.